‘ವರ’ ಹೋಗಿ ‘ವಳ’ ಬಂದದ್ದು

ಜೂನ್ 4

ಇವತ್ತಿನಿಂದ ಬಾಯಿ ಮುಚ್ಚಿಕೊಂಡಿರಬೇಕೆಂದು ತೀರ್ಮಾನಿಸಿದ್ದೇನೆ. ಹೇಳಬೇಕಾದ್ದನ್ನೆಲ್ಲ ಇಲ್ಲಿ ಬರೆಯುತ್ತೇನೆ. ಇಲ್ಲಿ ಬರೆದದ್ದನ್ನು ಇನ್ನೊಬ್ಬರು ಬಂದು ತಿದ್ದಲು ದಾರಿಯಿಲ್ಲ, ಅಷ್ಟರ ಮಟ್ಟಿಗೆ ನೆಮ್ಮದಿ.

ಚಿಕ್ಕಮ್ಮ ಆಸ್ಪತ್ರೆಯಿಂದ ನಮ್ಮ ಮನೆಗೆ ಬಂದು ಒಂದು ವಾರವಾಯಿತು. ತಮ್ಮನ ಮನೆ ಇನ್ನೊಂದು ಬೀದಿಯಲ್ಲಿ, ಮೇಲಿನ ಮಹಡಿಯಲ್ಲಿದೆ. ಊರಿನ ಲಿಫ್ಟುಗಳನ್ನೆಲ್ಲ ರಿಪೇರಿ ಮಾಡುವವನು ಅವನು, ಅವನ ಕಟ್ಟಡದಲ್ಲೇ ಲಿಫ್ಟ್ ಇಲ್ಲ. ನನ್ನದು ನೆಲಮಹಡಿ, ಹಾಗಾಗಿ ಮುಂದಿನ ಕೋಣೆಯನ್ನು ಅವರಿಗೆ ಬಿಟ್ಟುಕೊಟ್ಟಿದ್ದೇನೆ. ಪಾರ್ಶ್ವವಾಯು ಬಡಿದು ಬಲಗೈ ಸೋತಿದೆ, ಮಾತು ನಿಂತಿದೆ. ನಾವು ಹೇಳಿದ್ದು ಅವರಿಗೆ ಪೂರ್ತಿ ಅರ್ಥವಾಗುತ್ತದೆ. ಓದುತ್ತಾರೆ ಕೂಡ. ಮಾತು ಮಾತ್ರ ನಾಲಿಗೆಯ ತುದಿಯ ತನಕ ಬಂದು ವಾಪಸ್ ಹೋಗುತ್ತದೆ. ಬಸ್ ನಿಲ್ದಾಣದ ವಿಚಾರಣೆ ಕಿಟಕಿಯ ಹಿಂದೆ ಕೂತು, ಅರ್ಧ ಆಯಸ್ಸು ಬರೀ ಮಾತಾಡಿಯೇ ಸಂಬಳ ತೆಗೆದುಕೊಂಡವರು ಅವರು.

ಮಾತು ಕಲಿಸಲು ಒಬ್ಬ ಹುಡುಗಿ ಬರುತ್ತಾರೆ. ನಾವು ಅವರಿಗೆ ಮಾತಿನ ಮೇಡಂ ಎಂದು ಹೆಸರಿಟ್ಟಿದ್ದೇವೆ. ಈ ಮೊದಲ ತಿಂಗಳುಗಳಲ್ಲಿ ಬಂದಷ್ಟು ಮಾತು ಬಂತು, ಆಮೇಲೆ ಬರುವುದು ಬಹಳ ಕಷ್ಟ ಎಂದು ಮೊದಲ ದಿನವೇ ಹೇಳಿಬಿಟ್ಟರು. ಇವತ್ತು ನಮ್ಮೆಲ್ಲರ ಫೋನಿನಲ್ಲಿ ಒಂದು ಹಂಚಿಕೆಯ ಕಡತ ತೆರೆಸಿದರು.

“ಅವರ ಬಗ್ಗೆ ನಿಮಗೆ ಗೊತ್ತಿರೋದನ್ನೆಲ್ಲ ಇದರಲ್ಲಿ ಹಾಕಿ. ಏನು ತಿಂತಾರೆ, ಏನಂದ್ರೆ ಸಿಟ್ಟು, ಯಾರನ್ನ ಏನಂತ ಕರೀತಾರೆ, ಎಲ್ಲ. ಪಾಠ ನಾನು ಅದರಿಂದಲೇ ಮಾಡೋದು. ಊರಿಗೆಲ್ಲ ಒಂದೇ ಪುಸ್ತಕ ಓದಿಸಿದ್ರೆ ಮಾತು ಬರಲ್ಲ.”

ತಮ್ಮ ಕಡತಕ್ಕೆ ‘ಅಮ್ಮ’ ಎಂದು ಹೆಸರು ಕೊಟ್ಟ. ನಾನು ಅದನ್ನು ‘ಚಿಕ್ಕಮ್ಮ’ ಎಂದು ಬದಲಾಯಿಸಿದೆ. ಅವನ ಅಮ್ಮ ಅನ್ನುವುದು ನಿಜ, ಅದನ್ನು ಯಾರು ಇಲ್ಲವೆಂದರು? ಆದರೆ ನನ್ನ ಅಮ್ಮ ಹೋದ ಮೇಲೆ ಅಪ್ಪ ಮದುವೆಯಾಗಿ ಕರೆತಂದವರು ನನಗೆ ಚಿಕ್ಕಮ್ಮ. ಶಾಲೆಯ ಪಠ್ಯಪುಸ್ತಕಗಳ ಕರಡು ತಿದ್ದಿಯೇ ಹೊಟ್ಟೆ ಹೊರೆದವಳು ನಾನು. ತಲೆಬರಹದಲ್ಲೇ ತಪ್ಪು ಬಿಟ್ಟು ಮುಂದೆ ಹೋಗುವುದು ನನ್ನ ಕೈಲಾಗುವುದಿಲ್ಲ.

ಜೂನ್ 6

ತಮ್ಮನಿಗೆ ಪುರುಸೊತ್ತು ಸಿಗುವುದು ಲಿಫ್ಟಿನ ಗುಂಡಿಯೊಳಗೆ ಇಳಿದಾಗ ಮಾತ್ರ. ಅಲ್ಲಿ ಸಿಗ್ನಲ್ ಇರುವುದಿಲ್ಲ. ಅವನು ಅಲ್ಲಿ ಬರೆದದ್ದು ಅವನ ಫೋನಿನಲ್ಲೇ ಕೂತಿದ್ದು, ಅವನು ಮೇಲೆ ಬಂದಾಗ ಒಟ್ಟಿಗೆ ನುಗ್ಗುತ್ತದೆ. ಅಷ್ಟರಲ್ಲಿ ನಾನು ಅದೇ ಸಾಲನ್ನು ಚೊಕ್ಕ ಮಾಡಿಟ್ಟಿರುತ್ತೇನೆ. ಆಗ ಒಂದು ಹಳದಿ ಚೌಕ ಎದ್ದು ನಿಂತು ಕೇಳುತ್ತದೆ: ‘ಈ ಸಾಲಿಗೆ ಎರಡು ಪ್ರತಿಗಳಿವೆ. ಯಾವುದನ್ನು ಉಳಿಸಬೇಕು?’ ಕೆಳಗೆ ಒತ್ತಲು ಮೂರು ಬಟನ್. ‘ನನ್ನದು’, ‘ಅವರದು’, ‘ಎರಡೂ’.

ನಾನು ‘ನನ್ನದು’ ಒತ್ತಿದೆ. ಅದರಲ್ಲಿ ಯೋಚಿಸಲು ಏನಿದೆ?

ಜಗಳ ಇದ್ದದ್ದು ಚಹಾದ ಸಾಲಿನಲ್ಲಿ. ನಾನು ‘ಸಕ್ಕರೆ ಒಂದು ಚಮಚ’ ಎಂದು ಬರೆದಿದ್ದೆ. ಅವನು ‘ಎರಡು, ತುಂಬಿಸಿ’ ಎಂದು ಬರೆದಿದ್ದ. ಸಂಜೆ ಫೋನ್ ಮಾಡಿ ಕೇಳಿದೆ, ಇಷ್ಟು ದಿನದಿಂದ ನೋಡುತ್ತಿದ್ದೇನೆ, ನಮ್ಮ ಮನೆಗೆ ಬಂದಾಗಲೆಲ್ಲ ಒಂದೇ ಸಾಕು ಅನ್ನುತ್ತಿದ್ದರಲ್ಲ ಎಂದು.

“ನಿಮ್ಮನೇಲಿ ಸಾಕು ಅಂತಾಳೆ ಕಣೇ ಅಕ್ಕಾ. ನಮ್ಮನೇಲಿ ಡಬ್ಬಿನೇ ಹತ್ರ ಎಳ್ಕೋತಾಳೆ.”

ತಮ್ಮನ ಹೆಂಡತಿ ನಮ್ಮಿಬ್ಬರ ಸಾಲಿನ ಪಕ್ಕದಲ್ಲೂ ಒಂದೊಂದು ನಗುವ ಮುಖ ಅಂಟಿಸಿದ್ದಾಳೆ. ಅದು ಯಾರ ಪರ ಎಂದು ತಿಳಿಯುವುದಿಲ್ಲ. ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವವಳು, ಎಲ್ಲ ಗಿರಾಕಿಗಳನ್ನೂ ಸಮಾನವಾಗಿ ಕಾಣುತ್ತಾಳೆ.

ಜೂನ್ 9

ಈಗ ಬಂತು ನಿಜವಾದ ಜಗಳ. ಕಡತದಲ್ಲಿ ಚಿಕ್ಕಮ್ಮ ‘ಅವರು’ ಆಗಬೇಕೋ ‘ಅವಳು’ ಆಗಬೇಕೋ?

ನಾನು ‘ಅವರು ಬೆಳಗ್ಗೆ ಬೇಗ ಏಳುತ್ತಾರೆ’ ಎಂದು ಬರೆದರೆ, ಅವನು ಕೆಳಗಿನ ಸಾಲಿನಲ್ಲಿ ‘ಎದ್ದ ಕೂಡಲೇ ಅವಳಿಗೆ ಬಿಸಿನೀರು ಬೇಕು’ ಎಂದು ಬರೆಯುತ್ತಾನೆ. ಓದಿದವರು ಈ ಮನೆಯಲ್ಲಿ ಇಬ್ಬರು ಹೆಂಗಸರಿದ್ದಾರೆ, ಒಬ್ಬರು ಏಳುತ್ತಾರೆ, ಇನ್ನೊಬ್ಬಳು ನೀರು ಕುಡಿಯುತ್ತಾಳೆ ಎಂದುಕೊಳ್ಳಬೇಕು. ಒಂದೇ ಬರಹದಲ್ಲಿ ಒಬ್ಬರಿಗೆ ಎರಡು ಸರ್ವನಾಮ ಇರಕೂಡದು ಎಂದು ಹೇಳಿದೆ.

“ಹೆತ್ತ ತಾಯಿಗೆ ಯಾರಾದ್ರೂ ಅವರು ಅಂತಾರಾ? ಬಾಡಿಗೆ ಮನೆ ಓನರ್ ಬಗ್ಗೆ ಬರೆದಂಗಿದೆ ನೀನು ಬರೆದಿರೋದು.”

“ಅವರು ಅನ್ನೋದು ಮರ್ಯಾದೆ ಕಣೋ.”

“ಮರ್ಯಾದೆ ಅಲ್ಲ ಅಕ್ಕಾ, ಬಾಗಿಲು. ಅರ್ಧ ತೆಗೆದು ಚಿಲಕ ಹಾಕಿರೋ ಬಾಗಿಲು.”

ಲಿಫ್ಟಿನವನ ಬಾಯಲ್ಲಿ ಬಾಗಿಲಿನ ಮಾತು ಬರುವುದು ಸಹಜ. ನಾನು ಫೋನ್ ಇಟ್ಟೆ.

ಅವನು ಹುಟ್ಟುವ ಮುಂಚಿನ ಮಾತು ಅವನಿಗೇನು ಗೊತ್ತು. ಅವರು ಮನೆಗೆ ಬಂದ ದಿನ ನಾನು ಫ್ರಾಕ್ ಹಾಕಿಕೊಂಡು ಬಾಗಿಲಲ್ಲಿ ನಿಂತು, ‘ನೀವು ಇಲ್ಲೇ ಇರ್ತೀರಾ?’ ಎಂದು ಕೇಳಿದ್ದೆ. ದೂರ ಇಡಬೇಕೆಂದೇ ‘ನೀವು’ ಅಂದದ್ದು. ಇಪ್ಪತ್ತು ದಾಟಿದ್ದ ಹುಡುಗಿ, ನನಗಿಂತ ಹೆಚ್ಚು ಹೆದರಿದ್ದರೋ ಏನೋ, ‘ಹೌದು, ನೀವು ಬನ್ನಿ, ಕೂತ್ಕೊಳ್ಳಿ’ ಅಂದರು. ಅವತ್ತಿನಿಂದ ಇಬ್ಬರೂ ಬಹುವಚನದಲ್ಲೇ ಇದ್ದೇವೆ. ಒಂದು ದಿನವೂ ಜಗಳವಾಡಿಲ್ಲ. ಬಸ್ ಕೇಳಿಕೊಂಡು ಕಿಟಕಿಗೆ ಬಂದವರಿಗೆಲ್ಲ ಅವರು ‘ನೀವು’ ಎಂದೇ ಅನ್ನುತ್ತಿದ್ದರು. ನಾನೂ ಆ ಕಿಟಕಿಯ ಆಚೆಗೇ ಇದ್ದವಳು, ಸಾಲಿನಲ್ಲಿ ಮೊದಲನೆಯವಳು ಅಷ್ಟೆ.

ಜೂನ್ 10

ಕಡತವನ್ನೆಲ್ಲ ‘ಅವರು’ ಮಾಡಿದೆ. ಕ್ರಿಯಾಪದಗಳ ಸಮೇತ. ತಮ್ಮ ಗುಂಡಿಯಲ್ಲಿದ್ದ.

ಜೂನ್ 13

ಇವತ್ತಿನದನ್ನು ಮೊದಲಿನಿಂದ ಬರೆಯುತ್ತೇನೆ.

ನಿನ್ನೆ ತಮ್ಮ ಗುಂಡಿಯಿಂದ ಮೇಲೆ ಬಂದು ನನ್ನ ಕೆಲಸ ನೋಡಿದ್ದಾನೆ. ಒಂದೊಂದಾಗಿ ತಿದ್ದುವ ತಾಳ್ಮೆ ನಮ್ಮ ವಂಶದಲ್ಲಿ ನನಗೊಬ್ಬಳಿಗೇ ಬಂದಿರುವುದು. ‘ಅವರು’, ‘ಅವರಿಗೆ’, ‘ಅವರನ್ನು’ ಎಲ್ಲದರಲ್ಲೂ ಇರುವುದು ‘ವರ’ ತಾನೇ ಎಂದು ಲೆಕ್ಕ ಹಾಕಿ, ‘ವರ’ ಇದ್ದ ಕಡೆಯೆಲ್ಲ ‘ವಳ’ ಹಾಕು ಎಂದು ಒಂದೇ ಏಟಿಗೆ ಅಪ್ಪಣೆ ಕೊಟ್ಟಿದ್ದಾನೆ. ಯಂತ್ರಕ್ಕೆ ದಾಕ್ಷಿಣ್ಯವೆಲ್ಲಿಂದ ಬರಬೇಕು? ಅರವತ್ತಾರು ವರ್ಷ ಹೋಗಿ ಅರವತ್ತಾರು ‘ವಳ್ಷ’ ಆಯಿತು. ವರಾಂಡ ‘ವಳಾಂಡ’ವಾಯಿತು. ಸ್ನಾನಕ್ಕೆ ‘ಶವಳ್’, ಕನ್ನಡಕಕ್ಕೆ ‘ಪವಳ್’. ದೇವರನ್ನೂ ಬಿಡಲಿಲ್ಲ, ‘ದೇವಳು’ ಮಾಡಿದ. ಇಷ್ಟಾದರೂ ಕ್ರಿಯಾಪದಗಳು ನಾನು ಇಟ್ಟ ಹಾಗೆಯೇ ಇದ್ದವು: ‘ಅವಳು ವಳಾಂಡದಲ್ಲಿ ಕೂರುತ್ತಾರೆ.’

ಬೇರೆ ದಿನವಾಗಿದ್ದರೆ ಹೊಟ್ಟೆ ಹುಣ್ಣಾಗುವಷ್ಟು ನಗುತ್ತಿದ್ದೆ. ಆದರೆ ಮಾತಿನ ಮೇಡಂ ಬೆಳಗ್ಗೆ ಅವಸರದಲ್ಲಿ ಆ ಕಡತದಿಂದಲೇ ವಾಕ್ಯಗಳನ್ನು ತೆಗೆದು, ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿಕೊಂಡು ತಂದಿದ್ದರು. ಚಿಕ್ಕಮ್ಮನ ಮಡಿಲಲ್ಲಿ ಹಾಳೆ ಇಟ್ಟು ಓದಲು ಹೇಳಿದರು. ಅವರು ಕನ್ನಡಕ ಸರಿಮಾಡಿಕೊಂಡರು. ಮೊದಲ ಸಾಲಿನ ಮೇಲೆ ಬೆರಳಿಟ್ಟು ನಿಂತರು. ಎರಡನೆಯ ಸಾಲಿಗೆ ಹೋಗಿ ಮತ್ತೆ ಮೊದಲನೆಯದಕ್ಕೆ ಬಂದರು. ಹಾಳೆಯನ್ನು ಹತ್ತಿರ ಹಿಡಿದು ನೋಡಿದರು, ದೂರ ಹಿಡಿದು ನೋಡಿದರು. ಆಮೇಲೆ ಹಾಳೆಯನ್ನು ತಳ್ಳಿ, ಎಡಗೈಯಲ್ಲಿ ತಲೆ ಹೊಡೆದುಕೊಂಡು ಅತ್ತರು.

ಮಾತು ಹೋದ ಹಾಗೆ ಓದೂ ಹೋಯಿತು ಎಂದುಕೊಂಡುಬಿಟ್ಟಿದ್ದರು. ನಾನು, ಮೇಡಂ ಇಬ್ಬರೂ ಹಾಳೆ ತಪ್ಪು, ನೀವು ಸರಿ ಎಂದು ಎಷ್ಟು ಹೇಳಿದರೂ ನಂಬಲಿಲ್ಲ. ಸಮಾಧಾನಕ್ಕೆ ಹೇಳುತ್ತಿದ್ದೇವೆ ಎಂದು ಗೋಡೆಯ ಕಡೆ ತಿರುಗಿ ಮಲಗಿದರು. ಮಧ್ಯಾಹ್ನದಿಂದ ಏನೂ ತಿಂದಿಲ್ಲ.

ಜೂನ್ 14

ಬೆಳಗ್ಗೆ ಮಾತಿನ ಮೇಡಂ ನಮ್ಮಿಬ್ಬರನ್ನೂ ಅಡುಗೆಮನೆಯಲ್ಲಿ ನಿಲ್ಲಿಸಿ ಬೈದರು. ತಮ್ಮ ಕೆಲಸಕ್ಕೆ ರಜೆ ಹಾಕಿ ಬಂದಿದ್ದ. ಅವನ ಮುಖ ನೋಡಲು ಆಗುತ್ತಿರಲಿಲ್ಲ.

“ಸರಿಯಾಗಿ ನೋಡದೇನೇ ಹಾಳೆ ತಂದ್ಬಿಟ್ಟೆ, ಅದು ನನ್ನ ತಪ್ಪು. ಆದ್ರೆ ನೀವು ನಿಮ್ಮ ಜಗಳಾನ ಅವರ ಬಾಯಿಗೆ ತುರುಕ್ತಿದ್ದೀರ. ಇವರ ಹತ್ರ ಒಂದು ಚಮಚ, ಅವರ ಹತ್ರ ಎರಡು ಚಮಚ. ನಾನು ಯಾವುದನ್ನ ಹೇಳಿಕೊಡ್ಲಿ? ಇನ್ನು ಮೇಲೆ ಒಬ್ಬರು ಬರೆದಿದ್ದನ್ನ ಇನ್ನೊಬ್ಬರು ಮುಟ್ಟಬೇಕಾದ್ರೆ ಮೊದಲು ಫೋನ್ ಮಾಡಿ ಕೇಳಿ.”

ನನಗೆ ಬುದ್ಧಿ ಹೇಳುವವರು ನಾನು ತಿದ್ದಿದ ಪುಸ್ತಕ ಓದಿ ಬೆಳೆದ ವಯಸ್ಸಿನವರು. ಇರಲಿ.

ಎಲ್ಲರೂ ಹೋದ ಮೇಲೆ ನನಗೆ ಒಂದು ಉಪಾಯ ಹೊಳೆಯಿತು. ಆ ಕೆಟ್ಟ ಹಾಳೆಯನ್ನೇ ತೆಗೆದುಕೊಂಡು, ನನ್ನ ಕೆಂಪು ಪೆನ್ನಿನ ಸಮೇತ ಹೋಗಿ ಮಂಚದ ಮೇಲೆ ಕೂತೆ. “ಚಿಕ್ಕಮ್ಮ, ನನಗೆ ಕಣ್ಣು ಮಂಜಾಗ್ತಿದೆ. ಇದರಲ್ಲಿ ತಪ್ಪು ಎಲ್ಲಿದೆ ನೋಡಿ ಸ್ವಲ್ಪ” ಅಂದೆ. ಹಸಿ ಸುಳ್ಳು. ಅವರಿಗೂ ಗೊತ್ತಾಯಿತು. ಆದರೂ ಎಡಗೈಯಲ್ಲಿ ಪೆನ್ನು ಹಿಡಿದರು.

‘ವಳ್ಷ’ವನ್ನು ಹೊಡೆದುಹಾಕಿದರು. ನನ್ನ ಮುಖ ನೋಡಿದರು. ‘ಸರಿ’ ಅಂದೆ. ‘ವಳಾಂಡ’ಕ್ಕೆ ಒಂದು ಸುತ್ತು ಹಾಕಿದರು. ‘ಅದೂ ಸರಿ’ ಅಂದೆ. ಹೀಗೆ ಒಂದೊಂದು ಹಿಡಿದಂತೆಲ್ಲ ಬೆನ್ನು ನೆಟ್ಟಗಾಗುತ್ತ ಬಂತು. ‘ದೇವಳು’ ಹತ್ತಿರ ಬಂದಾಗ ಪೆನ್ನು ನಿಂತಿತು. ಭುಜ ಅಲುಗಿತು. ಮತ್ತೆ ಅಳುತ್ತಿದ್ದಾರೆಂದು ನಾನು ಹೆದರಿದೆ. ಅಳುತ್ತಿರಲಿಲ್ಲ, ನಗುತ್ತಿದ್ದಳು. ಸದ್ದಿಲ್ಲದೆ, ಬಾಯಿ ಒಂದು ಕಡೆಗೆ ಸೊಟ್ಟ ಮಾಡಿಕೊಂಡು, ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕಳು. ನನಗೂ ತಡೆಯಲಾಗಲಿಲ್ಲ. ನಮ್ಮಿಬ್ಬರಿಗೆ ಒಂದೇ ವಿಷಯಕ್ಕೆ ಹೀಗೆ ನಗು ಬಂದದ್ದು ಹಿಂದೆ ಯಾವಾಗ ಎಂದು ಎಷ್ಟು ಯೋಚಿಸಿದರೂ ನೆನಪಾಗುತ್ತಿಲ್ಲ.

ಸಂಜೆ ಊಟ ಪೂರ್ತಿ ಮಾಡಿದರು.

ಜೂನ್ 20

ಕೆಟ್ಟ ಕಡತವನ್ನು ಮೊದಲಿನಂತೆ ಮಾಡಿದ್ದೇವೆ, ಅವನ ಸಾಲುಗಳಲ್ಲಿ ‘ಅವಳು’, ನನ್ನವುಗಳಲ್ಲಿ ‘ಅವರು’. ಮೇಡಂ ಮಾಡಿದ ಹೊಸ ಕಾನೂನಿನ ಪ್ರಕಾರ ತಮ್ಮ ದಿನಕ್ಕೆ ಹತ್ತು ಸಲ ಫೋನ್ ಮಾಡುತ್ತಾನೆ. ‘ಅಕ್ಕಾ, ನಿನ್ನ ಮೂರನೇ ಸಾಲಿಗೆ ಒಂದು ಅಲ್ಪವಿರಾಮ ಹಾಕ್ಲಾ?’ ಬೇಕೆಂದೇ ಕಾಡಿಸುವುದು. ಒಂದು ಸಲ ಹಾಕು ಎಂದೂ ಬಿಟ್ಟೆ. ಆ ಅಲ್ಪವಿರಾಮ ಅಲ್ಲಿ ತಪ್ಪು. ಆದರೂ ಇರಲಿ ಎಂದು ಬಿಟ್ಟಿದ್ದೇನೆ.

ಚಹಾಕ್ಕೆ ಎರಡು ಚಮಚ ಸಕ್ಕರೆ ಹಾಕಿ ಕೊಟ್ಟೆ. ಚಿಕ್ಕಮ್ಮ ಒಂದು ಗುಟುಕು ಕುಡಿದು ಲೋಟವನ್ನೇ ನೋಡುತ್ತ ಕೂತರು. ಆಮೇಲೆ ಕೊನೆಯ ಹನಿಯ ತನಕ ಕುಡಿದು, ಲೋಟದ ತಳಕ್ಕೆ ಬೆರಳು ಹಾಕಿ ಸಕ್ಕರೆ ನೆಕ್ಕಿದಳು. ಇಷ್ಟು ಕಾಲ ನಮ್ಮ ಮನೆಯಲ್ಲಿ ಸಪ್ಪೆ ಚಹಾ ಕುಡಿದು ‘ಚೆನ್ನಾಗಿದೆ’ ಎಂದು ಹೊಗಳಿದ್ದಾಳಲ್ಲ, ಒಂದು ಮಾತು ಹೇಳಬಾರದಿತ್ತೇ? ನನಗೆ ಸಿಟ್ಟೇ ಬಂತು.

‘ನೀರು’ ಬಂದಿದೆ. ‘ಬೇಡ’ ಬಂದಿದೆ. ‘ಬೇಡ’ ಬಹಳ ಸ್ಪಷ್ಟವಾಗಿ ಬಂದಿದೆ, ಮಾತ್ರೆ ಕಂಡರೆ ಸಾಕು.

ಜೂನ್ 27

ಕಡತದಲ್ಲಿ ‘ಯಾರನ್ನು ಏನೆಂದು ಕರೆಯುತ್ತಾರೆ’ ಎನ್ನುವ ಭಾಗ ನಮ್ಮಿಂದಾಗಿ ಹಾಗೇ ಬಾಕಿ ಉಳಿದಿತ್ತು. ಮೇಡಂ ಇವತ್ತೇ ಬೇಕೆಂದರು. ತಮ್ಮ ತನ್ನ ಸಾಲಿನಲ್ಲಿ ‘ಲೋ, ಕತ್ತೆ, ಬಾರೋ ಇಲ್ಲಿ’ ಎಂದು ಹೆಮ್ಮೆಯಿಂದ ಬರೆದುಕೊಂಡಿದ್ದಾನೆ. ಅವನ ಹೆಂಡತಿ ‘ನಮ್ಮ ಹುಡುಗಿ’ ಎಂದು ಬರೆದು ಪಕ್ಕದಲ್ಲಿ ನಗುವ ಮುಖ ಹಾಕಿದ್ದಾಳೆ. ನನ್ನ ಸಾಲಿನ ಮುಂದೆ ಬಹಳ ಹೊತ್ತು ಕೂತೆ. ‘ಬನ್ನಿ, ಕೂತ್ಕೊಳ್ಳಿ’ ಎಂದು ಬರೆದೆ. ಸುಳ್ಳು ಬರೆಯಲು ಆಗುತ್ತದೆಯೇ?

“ಮನೇಲೂ ಹಾಗೇನಾ?” ಎಂದರು ಮೇಡಂ. ಹೌದು, ನಾವು ಸ್ವಲ್ಪ ಶಿಸ್ತಿನ ಜನ ಎಂದೆ.

ಮೇಡಂ ನನ್ನನ್ನು ಎದುರಿಗೆ ನಿಲ್ಲಿಸಿ, “ಇವರನ್ನ ಕರೀರಿ. ಬನ್... ಬನ್ನಿ” ಎಂದು ಹೇಳಿಕೊಟ್ಟರು. ಚಿಕ್ಕಮ್ಮ ತುಟಿ ಬಿಗಿಹಿಡಿದು ತಲೆಯಾಡಿಸಿದಳು. ಇನ್ನೊಮ್ಮೆ ಹೇಳಿಕೊಟ್ಟರು. ಮತ್ತೆ ತಲೆಯಾಡಿಸಿದಳು. ‘ಬೇಡ’ ಎಂದೂ ಅಂದಳು. ತಮ್ಮನ ‘ಬಾರೋ’ ಮಾತ್ರ ಅರ್ಧಂಬರ್ಧವಾಗಿಯಾದರೂ ಆಗಲೇ ಬಂದಿತ್ತು.

ನನಗೆ ಬೇಜಾರಾಯಿತು. ಇಲ್ಲಿ ಯಾರಿಗೂ ಕಾಣುವುದಿಲ್ಲವಾದ್ದರಿಂದ ಬರೆಯುತ್ತಿದ್ದೇನೆ, ತುಂಬಾ ಬೇಜಾರಾಯಿತು. ಮಾತೆಲ್ಲ ವಾಪಸ್ ಬರುವಾಗ ನನ್ನದೊಂದು ಮಾತ್ರ ಬೇಡವಾಯಿತೇ?

ಜುಲೈ 2

ಬಟ್ಟೆ ಒಣಗಿಸುತ್ತಿದ್ದಾಗ ಒಳಗಿಂದ ‘ಬಾ’ ಎಂದು ಕೇಳಿಸಿತು. ತಮ್ಮ ಬಂದಿದ್ದಾನೆ, ಅವನನ್ನು ಕರೆಯುತ್ತಿದ್ದಾಳೆ ಎಂದು ನಾನು ಹೋಗಲಿಲ್ಲ. ಆಮೇಲೆ ನೋಡಿದರೆ ಮನೆಯಲ್ಲಿ ಯಾರೂ ಇರಲಿಲ್ಲ.

ಮೇಡಂಗೆ ಹೇಳಿದೆ. “ಒಳ್ಳೇದು. ಆದ್ರೆ ಜಾಸ್ತಿ ಅರ್ಥ ಹುಡುಕ್ಬೇಡಿ. ಚಿಕ್ಕ ಪದಗಳು ಮೊದಲು ಬರ್ತವೆ. ‘ಬನ್ನಿ’ಗಿಂತ ‘ಬಾ’ ಸುಲಭ ಅಷ್ಟೆ” ಎಂದರು.

ಅರ್ಥ ಹುಡುಕಲು ನನಗೇನು ಬೇರೆ ಕೆಲಸವಿಲ್ಲವೇ? ಸುಲಭ, ಅಷ್ಟೆ. ನಾನೂ ಹಾಗೇ ಅಂದುಕೊಂಡಿದ್ದೆ.

ಜುಲೈ 5

ಬಹಳ ದಿನಗಳ ನಂತರ ಹಳದಿ ಚೌಕ ಎದ್ದಿತು. ಇಬ್ಬರೂ ಫೋನ್ ಮಾಡದೆ ಅವೇ ಸಾಲುಗಳಿಗೆ ಕೈಹಾಕಿದ್ದೆವು. ತೆರೆದು ನೋಡಿದರೆ ಒಂದು ತಮಾಷೆ. ತಮ್ಮ ಗುಂಡಿಯಲ್ಲಿ ಕೂತು ಸಾಲುಗಳನ್ನೆಲ್ಲ ಒಂದೊಂದಾಗಿ, ಕೈಯಿಂದ, ನನ್ನ ಹಾಗೆ ‘ಅವರು’ ಎಂದು ಹೊಸದಾಗಿ ಬರೆದಿದ್ದಾನೆ. ನಾನು ಇಲ್ಲಿ ಅದೇ ಸಾಲುಗಳನ್ನೆಲ್ಲ ಅವನ ಹಾಗೆ ‘ಅವಳು’ ಎಂದು ಬರೆದಿದ್ದೇನೆ. ಈ ಸಲವೂ ಕಡತ ಒಂದಾಗಲಿಲ್ಲ.

“ನಿನ್ ಮನೇಲಿದ್ದಾಳೆ, ಹಗಲೂ ರಾತ್ರಿ ನೀನು ನೋಡ್ಕೋತಿದ್ದೀಯ, ನಿನ್ ಮಾತೇ ನಡೀಲಿ ಅಂತ ಮಾಡ್ದೆ ಅಕ್ಕಾ. ನೀನ್ಯಾಕೆ ಬದಲಾಯಿಸ್ದೆ?”

“ಅಕ್ಷರ ಉಳಿಯುತ್ತೆ ಅಂತ. ‘ಮಲಗುತ್ತಾರೆ’ಗಿಂತ ‘ಮಲಗ್ತಾಳೆ’ ಬೇಗ ಬರೀಬಹುದು.”

“ಓಹೋ, ಅಕ್ಷರ ಉಳಿಸ್ತಿದ್ದೀಯಾ?”

“ಸುಮ್ನೆ ಕೆಲಸ ನೋಡು ಹೋಗು.”

ಅವನು ನಗುತ್ತಲೇ ಇದ್ದ. ಗುಂಡಿಯಲ್ಲಿ ಸಿಗ್ನಲ್ ಇರುವುದಿಲ್ಲ ಎನ್ನುತ್ತಾನಲ್ಲ, ನನ್ನನ್ನು ಗೇಲಿ ಮಾಡಲು ಅದು ಹೇಗೆ ಸಿಗುತ್ತದೋ. ನಾನು ‘ಎರಡೂ’ ಒತ್ತಿ ಬಿಟ್ಟೆ. ಈಗ ಪ್ರತಿ ಸಾಲಿನಲ್ಲೂ ‘ಅವರು ಅವಳು’ ಎಂದು ಜೋಡಿಯಾಗಿ ಕಾಣುತ್ತಿದೆ. ನನ್ನ ಹಳೆಯ ಸಂಪಾದಕರು ನೋಡಿದ್ದರೆ ಎದೆ ಹಿಡಿದುಕೊಂಡು ಕೂರುತ್ತಿದ್ದರು. ಬಿಡುವಾದಾಗ ಸರಿಮಾಡಿದರಾಯಿತು.

ಜುಲೈ 11

ಇವತ್ತು ಮಾತಿನ ಮೇಡಂ ತಮ್ಮ ಹಿರಿಯ ಡಾಕ್ಟರನ್ನು ಕರೆದುಕೊಂಡು ಬಂದಿದ್ದರು. ಎಷ್ಟು ಮಾತು ಬಂದಿದೆ, ಇನ್ನು ಬರುವುದು ಎಷ್ಟು, ಪಾಠ ಮುಂದುವರಿಸಿ ಪ್ರಯೋಜನವಿದೆಯೇ ಎಂದು ಅವರು ನೋಡಿ ಹೇಳಬೇಕಿತ್ತು. ಬೆಳಗ್ಗೆಯಿಂದ ನಾನು ಮಂಚದ ಚಾದರವನ್ನು ಎರಡು ಸಲ ಬದಲಾಯಿಸಿದ್ದೆ. ತಮ್ಮ ಮೂಲೆಯಲ್ಲಿ ಉಗುರು ಕಚ್ಚುತ್ತ ನಿಂತಿದ್ದ.

ಡಾಕ್ಟರು ಬಾಗಿಲಿಗೆ ಬಂದರು. ಚಿಕ್ಕಮ್ಮ ಮಂಚದ ಮೇಲೆ ನೆಟ್ಟಗೆ ಕೂತು, ಸೆರಗು ಸರಿಮಾಡಿಕೊಂಡು, ಅವರ ಮುಖವನ್ನೇ ನೋಡಿದಳು. ಗಂಟಲು ಸರಿಮಾಡಿಕೊಂಡಳು. “ಬ... ಬನ್ನಿ” ಅಂದಳು.

ಯಾರೂ ಹೇಳಿಕೊಟ್ಟಿರಲಿಲ್ಲ. ಮೇಡಂ ನನ್ನ ತೋಳು ಹಿಡಿದುಕೊಂಡರು. ಡಾಕ್ಟರು ಕುರ್ಚಿಯ ಹತ್ತಿರ ಬಂದಾಗ, “ಕೂತ್... ಕೊಳ್ಳಿ” ಎಂದು ಅದನ್ನೂ ಹೇಳಿ ಮುಗಿಸಿದಳು. ಉಸಿರು ಬಿಟ್ಟು, ಮೇಡಂ ಕಡೆ ತಿರುಗಿ, “ನೀವೂ” ಎಂದಳು. ವಿಚಾರಣೆ ಕಿಟಕಿ ಮತ್ತೆ ತೆರೆದಂತಾಯಿತು. ಪಾಠ ಮುಂದುವರಿಯಲೇಬೇಕು, ಇನ್ನೂ ಬಹಳ ಬರುತ್ತದೆ ಎಂದರು ಡಾಕ್ಟರು. ತಮ್ಮ ಗೋಡೆಯ ಕಡೆ ತಿರುಗಿ ಮೂಗು ಒರೆಸಿಕೊಂಡ.

ನಾನು ಮಾತ್ರ ಅಡುಗೆಮನೆಗೆ ಬಂದುಬಿಟ್ಟೆ. ಚಹಾ ಮಾಡಬೇಕಿತ್ತು, ಅದು ನಿಜ. ಆದರೆ ಇನ್ನೊಂದು ವಿಷಯವೂ ಇತ್ತು. ‘ಬನ್ನಿ’ ಹೇಳಲು ಬರುತ್ತದೆ, ಹಾಗಾದರೆ ಇನ್ನು ನನಗೂ ಅದೇ ಬರುತ್ತದೆ, ಮೊದಲಿನ ಹಾಗೆ. ಸಂತೋಷಪಡಬೇಕಾದ ಹೊತ್ತಿನಲ್ಲಿ ನನ್ನ ಕಣ್ಣು ಯಾಕೆ ತುಂಬಿತೋ ತಿಳಿಯಲಿಲ್ಲ. ನಲ್ಲಿ ಬಿಟ್ಟುಕೊಂಡು, ತೊಳೆದ ಲೋಟಗಳನ್ನೇ ಮತ್ತೆ ತೊಳೆದೆ.

ಮುಂದಿನ ಕೋಣೆಯಿಂದ ದನಿ ಬಂತು. ಒಂದೊಂದು ಅಕ್ಷರವನ್ನೂ ಎತ್ತಿ ಇಡುವ ಹಾಗೆ, ಜೋರಾಗಿ, ಸ್ವಲ್ಪ ಸಿಟ್ಟಿನಿಂದ.

“ಎಲ್... ಎಲ್ಲಿದ್ದೀಯೇ? ಬಾ... ಬಾರೇ.”

ನಾನು ನಿಂತೆ. ತಮ್ಮ ಬಾಗಿಲಲ್ಲಿ ಇಣುಕಿ, “ನಿನ್ನನ್ನೇ ಅಕ್ಕಾ” ಅಂದ.

“ಬಂದೆ ಇರು, ಕೈಯೆಲ್ಲ ಒದ್ದೆ” ಎಂದು ಮುಂದಿನ ಕೋಣೆಗೆ ಕೇಳುವಂತೆ ಕೂಗಿದೆ. ಅವಳು ಕಾಯಲಿಲ್ಲ, ಇನ್ನೊಂದು ಸಲ ಕರೆದಳು.